ನರ್ಸ್‌ಗೆ ಮಾರ್ಕ್ಸ್ ಹಾಕೋ ಮುಂಚೆ ನೈಟ್ ರೋಸ್ಟರ್ ನೋಡಿ

ಮಾನ್ಯ ಸಂಪಾದಕರೇ,

ಪ್ರೈವೇಟ್ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್‌ಗಳ ಅಪ್ರೈಸಲ್ ಹೇಗ್ ಮಾಡ್ತಾರೆ ಅಂತ ಜನಕ್ಕೆ ಗೊತ್ತಾಗ್ಬೇಕು. ನಾನೂ ಸ್ಟಾಫ್ ನರ್ಸೇ. ಪಂಚಿಂಗ್ ಲೇಟಾದ್ರೆ ಮಾರ್ಕ್ ಕಟ್, ಪೇಷಂಟ್ ಕಡೆಯವರು ಫೀಡ್‌ಬ್ಯಾಕ್ ಫಾರಂನಲ್ಲಿ "ಬೆಲ್ ಒತ್ತಿದ್ರೂ ಸಿಸ್ಟರ್ ಬರ್ಲಿಲ್ಲ" ಅಂತ ಬರೆದ್ರೆ ಇನ್ನೊಂದು ಕಟ್. ಆ ರಾತ್ರಿ ಆ ಸಿಸ್ಟರ್ ಒಬ್ಬಳೇ ಎಷ್ಟು ಬೆಡ್ ನೋಡ್ಕೋತಿದ್ಲು ಅನ್ನೋಕೆ ಫಾರಂನಲ್ಲಿ ಕಾಲಮ್ಮೇ ಇಲ್ಲ.

ಹತ್ತು ಗಂಟೆ ಇಂಜೆಕ್ಷನ್ ಕೊಡ್ತಿರೋವಾಗ್ಲೇ ಒಂದು ಬೆಡ್ಡಲ್ಲಿ ಡ್ರಿಪ್ ಮುಗಿದು ಪೈಪಲ್ಲಿ ರಕ್ತ ಏರ್ತಿರುತ್ತೆ, ಪಕ್ಕದವರಿಗೆ ಶುಗರ್ ನೋಡಿ ಇನ್ಸುಲಿನ್ ಹಾಕ್ಬೇಕು, ಅಷ್ಟರಲ್ಲಿ ಕ್ಯಾಶುವಾಲ್ಟಿಯಿಂದ ಹೊಸ ಅಡ್ಮಿಷನ್ ಕಳಿಸ್ತೀವಿ ಅಂತ ಫೋನು, ಇದೆಲ್ಲದರ ಮಧ್ಯೆ ಕೇಸ್ ಶೀಟೂ ಬರೀಬೇಕು.

ಒಂದು ಮಾತ್ರೆ ಬರೆಯೋಕೂ ಸ್ಟಡಿ ಏನ್ ಹೇಳುತ್ತೆ ಅಂತ ನೋಡೋ ಆಸ್ಪತ್ರೆಗಳು ಸ್ಟಾಫ್ ವಿಷಯ ಬಂದ್ರೆ ಮಾತ್ರ ಬರೀ ಅಂದಾಜಲ್ಲಿ ನಡೆಸ್ತಾವೆ. ಸ್ಟಡಿ ಇಲ್ದೇ ಏನಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಅವರ ತಂಡ 2002ರಲ್ಲೇ ತೋರಿಸಿದೆ, ಒಬ್ಬ ನರ್ಸ್ ಮೇಲೆ ಒಬ್ಬ ಪೇಷಂಟ್ ಜಾಸ್ತಿ ಬಿದ್ರೆ ಆಪರೇಷನ್ ಆದವರು 30 ದಿನದೊಳಗೆ ಸಾಯೋ ಸಂಭವ ಶೇ 7ರಷ್ಟು, ನರ್ಸ್ ಕೆಲಸದಲ್ಲಿ ಬಳಲಿ ಬೆಂಡಾಗೋ ಸಂಭವ ಶೇ 23ರಷ್ಟು ಏರುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಒಬ್ಬ ನರ್ಸ್‌ಗೆ ಇಷ್ಟೇ ಪೇಷಂಟ್ ಅಂತ ಕಾನೂನೇ ಜಾರಿಯಲ್ಲಿದೆ.

ನಮ್ಮಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಮಾಡಿದ ಕಮಿಟಿ, 200 ಬೆಡ್‌ಗಿಂತ ದೊಡ್ಡ ಪ್ರೈವೇಟ್ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡ್ಬೇಕು, 50 ಬೆಡ್‌ಗಿಂತ ಚಿಕ್ಕವು ಕೂಡ 20,000 ರೂಪಾಯಿಗೆ ಕಮ್ಮಿ ಕೊಡಬಾರ್ದು ಅಂತ ಶಿಫಾರಸು ಮಾಡ್ತು. ಕೈಗೆ ಬರೋ ಸಂಬಳ ನೋಡಿದ್ರೆ ಅದನ್ನ ಯಾರೂ ಓದಿದ ಹಾಗಿಲ್ಲ. ಕೆಲಸ ಕಲಿತ ಹುಡುಗೀರು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಸಿಕ್ಕಿದ ತಕ್ಷಣ ಗಲ್ಫ್‌ಗೆ ಹೊರಡ್ತಾರೆ, ಅವರ ಜಾಗಕ್ಕೆ ನಿನ್ನೆ ಕಾಲೇಜು ಮುಗಿಸಿದವರನ್ನ ಐಸಿಯುಗೆ ಹಾಕ್ತಾರೆ, ಆಮೇಲೆ ಪರ್ಫಾರ್ಮೆನ್ಸ್ ಸರಿ ಇಲ್ಲ ಅಂತ ಮೆಮೊ ಕೊಡ್ತಾರೆ!

ಮ್ಯಾನೇಜ್‌ಮೆಂಟ್‌ನವರು ಯಾವ ಕನ್ಸಲ್ಟೆಂಟನ್ನೂ ಕರೆಸೋದು ಬೇಡ. ಯಾರಿಗೆ ಯಾವಾಗ ಡ್ಯೂಟಿ ಅನ್ನೋ ರೋಸ್ಟರ್, ಇನ್ಸಿಡೆಂಟ್ ರಿಪೋರ್ಟ್, ರಿಸೈನ್ ಲೆಟರ್ ಎಲ್ಲಾ ಅವರ ಆಫೀಸಲ್ಲೇ ಇದೆ, ಒಂದು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡ್ಲಿ, ಯಾವ ರಾತ್ರಿ ತಪ್ಪುಗಳಾದವು, ಆಗ ವಾರ್ಡಲ್ಲಿ ಎಷ್ಟು ಜನ ಇದ್ರು ಅಂತ. ರಾಜ್ಯದ ಪ್ರೈವೇಟ್ ಆಸ್ಪತ್ರೆಗಳಿಗೆ ಇರೋ ಕೆಪಿಎಂಇ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆಯಲ್ಲ, ಅವರೂ ತಪಾಸಣೆಗೆ ಬಂದಾಗ ಕಟ್ಟಡ, ಲೈಸೆನ್ಸ್ ಜೊತೆಗೆ ಹಿಂದಿನ ತಿಂಗಳ ನೈಟ್ ರೋಸ್ಟರನ್ನೂ ಕೇಳ್ಲಿ.

– ಒಬ್ಬ ಸ್ಟಾಫ್ ನರ್ಸ್, ದಾವಣಗೆರೆ