ಎಲ್ಲಿ ಸಹಿ ಹಾಕಬೇಕು?

ಸಾಗರ
ಭಾನುವಾರ ರಾತ್ರಿ

ಪುಟ್ಟಿ,

ಐರ್ಲೆಂಡಿನ ಪವರ್ಸ್‌ಕೋರ್ಟ್ ತೋಟದ ಮೆಟ್ಟಿಲ ಮೇಲೆ ನಿಂತು ನೀನು ಕಳಿಸಿದ ಫೋಟೊ ಬಂತು. ಕಿವಿ ಮುಚ್ಚುವ ಹಾಗೆ ಟೋಪಿ ಹಾಕಿಕೊಂಡಿದ್ದೀಯಲ್ಲ, ನಿನ್ನಮ್ಮನಿಗೆ ಅಷ್ಟಕ್ಕೇ ಸಮಾಧಾನ. ಫೋಟೊದ ಕೆಳಗೆ ಬರೆದಿದ್ದೆ: "ಬ್ಯಾರಿ ಲಿಂಡನ್ ಸಿನಿಮಾ ಇಲ್ಲೂ ತೆಗೆದಿದ್ರಂತೆ ಅಪ್ಪ. ಮುಕ್ಕಾಲು ಗಂಟೆ ನೋಡಿ ಬಿಟ್ಟೆ. ಎತ್ತಿನಗಾಡಿ ಇದ್ದ ಹಾಗಿದೆ." ಎತ್ತಿನಗಾಡಿ ಅಂದಿದ್ದಕ್ಕೇ ನನಗೆ ಆಸೆ ಹುಟ್ಟಿತು. ಮೂರು ಗಂಟೆ ಐದು ನಿಮಿಷದ ಸಿನಿಮಾ, ಮೂರು ರಾತ್ರಿ ಹಂಚಿಕೊಂಡು ನೋಡಿದೆವು. ನೋಡಿದೆವು ಅಂದರೆ, ನಾನು ನೋಡಿದೆ. ನಿನ್ನಮ್ಮ ಪಕ್ಕದಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಆಗೀಗ ತಲೆ ಎತ್ತುತ್ತಿದ್ದಳು. ವಾಟ್ಸಾಪಿನಲ್ಲಿ ಬರೆದರೆ ನೀನೊಂದು ಹೆಬ್ಬೆರಳು ಕಳಿಸಿ ಮುಗಿಸುತ್ತೀಯ. ಅದಕ್ಕೇ ಈ ಕಾಗದ.

ಒಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ನೀನು ಬೆನ್ನು ಹಾಕಿ ನಿಂತಿದ್ದೀಯಲ್ಲ, ಆ ಮನೆಗೆ 1974ರ ನವೆಂಬರ್‌ನಲ್ಲಿ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟುಹೋಯಿತು. ಅದಕ್ಕೆ ಸ್ವಲ್ಪ ಮೊದಲಷ್ಟೇ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅಲ್ಲಿ ಕ್ಯಾಮೆರಾ ಇಟ್ಟು ಹೋಗಿದ್ದ. ಬೂದಿಯಾದ ಆ ಕೋಣೆಗಳು ಸಿನಿಮಾದೊಳಗೆ ಇನ್ನೂ ಗಟ್ಟಿಯಾಗಿ ನಿಂತಿವೆ. ಮುಂದಿನ ಸಲ ಹೋದಾಗ ಇದನ್ನು ನೆನಪಿಟ್ಟುಕೊಂಡು ನೋಡು.

ನೀನು ಬಿಟ್ಟೆದ್ದಾಗ ರೆಡ್ಮಂಡ್ ಬ್ಯಾರಿ ಇನ್ನೂ ಬ್ರಿಟಿಷ್ ಸೈನ್ಯದ ಸಿಪಾಯಿ ಆಗಿದ್ದಿರಬೇಕು. ಐರ್ಲೆಂಡಿನ ಹಳ್ಳಿ ಹುಡುಗ, ಅಪ್ಪ ಇಲ್ಲ, ಸೋದರಿಕೆಯ ಹುಡುಗಿಗಾಗಿ ಪಿಸ್ತೂಲು ಹಿಡಿದು ಊರು ಬಿಟ್ಟು ಓಡಿದವನು. ದಾರಿಯಲ್ಲಿ ಕಳ್ಳರು ಕುದುರೆ, ದುಡ್ಡು ಎರಡನ್ನೂ ಕಿತ್ತುಕೊಂಡರು, ಹೊಟ್ಟೆಪಾಡಿಗೆ ಸೈನ್ಯ ಸೇರಿದ. ಅಲ್ಲಿಂದ ಒಬ್ಬ ಅಧಿಕಾರಿಯ ಸಮವಸ್ತ್ರ, ಕಾಗದಪತ್ರ ಕದ್ದು ಪರಾರಿ. ಪ್ರಷ್ಯದವರ ಕೈಗೆ ಸಿಕ್ಕಿ ಅವರ ಸೈನ್ಯದ ಸಿಪಾಯಿ. ಆಮೇಲೆ ಅವರ ಗೂಢಚಾರ. ಗೂಢಚರ್ಯೆ ಮಾಡಲು ಹೋದ ಜೂಜುಗಾರನೂ ತನ್ನಂತೆ ಐರಿಶ್ ಅಂತ ಗೊತ್ತಾದ ತಕ್ಷಣ ಅವನ ಮುಂದೆ ಕಣ್ಣೀರಿಟ್ಟು ಅವನದೇ ಪಾಲುದಾರ. ಇಷ್ಟು ಹೊತ್ತಿಗೆ ಮುಖದಲ್ಲಿ ಮುಗ್ಧತೆ ಹಾಗೇ ಇದೆ, ಒಳಗಿನದು ಕರಗಿದೆ. ಬ್ಯಾರಿಯ ಪಾತ್ರ ಮಾಡಿದ ರಯಾನ್ ಓ'ನೀಲ್‌ಗೆ ನಟನೆ ಬರಲ್ಲ ಅಂತ ಕೆಲವರು ಬೈಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಂಥವರ ಮುಖವೇ ಹಾಗೆ ಇರುತ್ತದೆ. ಕೌಂಟರಿನ ಆಚೆ ನಿಂತವರನ್ನು ಎಷ್ಟು ನೋಡಿಲ್ಲ ನಾನು.

ಮೇಣದಬತ್ತಿಯ ವಿಷಯ ನೀನೂ ಓದಿರುತ್ತೀಯ. ನಾಸಾದವರಿಗಾಗಿ ಝೈಸ್ ಕಂಪನಿ ಮಾಡಿದ್ದ, ಎಫ್ 0.7 ಅನ್ನುವಷ್ಟು ಅಗಲ ಬಾಯಿಯ ಲೆನ್ಸ್ ತಂದು, ಬತ್ತಿಗಳ ಬೆಳಕಿನಲ್ಲೇ ರಾತ್ರಿಯ ದೃಶ್ಯಗಳನ್ನು ತೆಗೆದರು. ಆ ಲೆನ್ಸಿನಲ್ಲಿ ನಟ ಸ್ವಲ್ಪ ಮುಂದೆ ಬಾಗಿದರೂ ಮುಖ ಮಸುಕು. ಹಾಗಾಗಿ ಎಲ್ಲರೂ ಬೊಂಬೆಗಳ ಹಾಗೆ ಕೂತಿರುತ್ತಾರೆ. ನಿನಗೆ ಬೇಸರ ಬಂದದ್ದು ಇದಕ್ಕೇ ಇರಬಹುದು. ನನಗೆ ಮಾತ್ರ ನಮ್ಮ ಹಳೇ ಮನೆ ನೆನಪಾಯಿತು. ಮಳೆಗಾಲದಲ್ಲಿ ಕರೆಂಟು ಹೋಗಿ ನಾಲ್ಕು ದಿನವಾದಾಗ, ಬುಡ್ಡಿದೀಪದ ಮುಂದೆ ಕೂತ ನಿನ್ನಜ್ಜಿಯ ಮುಖ ಅಷ್ಟೇ ಕಾಣುತ್ತಿತ್ತು. ಹಿಂದೆ ಗೋಡೆಯಿಲ್ಲ, ಮಾಡಿಲ್ಲ, ಬರೀ ಕತ್ತಲೆ. ಅಂಥ ಬೆಳಕಿನಲ್ಲಿ ಯಾರೂ ದೊಡ್ಡದಾಗಿ ಕೈಕಾಲು ಆಡಿಸುವುದಿಲ್ಲ ಕಣೇ, ದೀಪ ಆರುತ್ತದೆ. ಜೂಜಿನ ಮೇಜಿನ ಆಚೆ ಈಚೆ ಕೂತು ಬ್ಯಾರಿ ಮತ್ತು ಶ್ರೀಮಂತ ಮನೆತನದ ಲೇಡಿ ಲಿಂಡನ್ ಒಬ್ಬರನ್ನೊಬ್ಬರು ನೋಡುವುದೂ ಹಾಗೆಯೇ. ಆಮೇಲೆ ಅವಳು ಗಾಳಿಗೆಂದು ಹೊರಗೆ ಹೋಗುತ್ತಾಳೆ. ಅವನು ಹಿಂದೆ ಬರುತ್ತಾನೆ, ಕೈ ಹಿಡಿಯುತ್ತಾನೆ. ಒಂದು ಮಾತಿಲ್ಲ, ಶೂಬರ್ಟ್‌ನ ಸಂಗೀತ ಇದೆ ಅಷ್ಟೆ. ನಿನ್ನಮ್ಮ ಆಗ ಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದಳು.

ಮದುವೆಯಾಗಿ ಗಾಡಿಯಲ್ಲಿ ಹೋಗುವಾಗ ಅವಳು, ಹೊಗೆ ಬೇಡ, ಸ್ವಲ್ಪ ಹೊತ್ತು ಪೈಪು ಸೇದಬೇಡಿ ಅನ್ನುತ್ತಾಳೆ. ಅವನು ಅವಳ ಮುಖಕ್ಕೇ ಹೊಗೆ ಬಿಡುತ್ತಾನೆ. ಇನ್ನು ಮುಂದೆ ಈ ಹೆಂಗಸು ಅವನಿಗೆ ಮನೆಯ ಜಮಖಾನ, ಗೋಡೆಯ ಚಿತ್ರಪಟ ಇದ್ದ ಹಾಗೆ ಎಂದು ನಿರೂಪಕ ತಣ್ಣಗೆ ಹೇಳುತ್ತಾನೆ. ಈ ನಿರೂಪಕ ನಮ್ಮ ಭಾಗವತರ ಜಾತಿಯವನು. ಮುಂದೆ ಆಗುವುದನ್ನೆಲ್ಲ ಮೊದಲೇ ಹಾಡಿಬಿಡುತ್ತಾನೆ: ಇವನಿಗೆ ಕೊನೆಗೆ ಮಕ್ಕಳಿರುವುದಿಲ್ಲ, ದುಡ್ಡಿರುವುದಿಲ್ಲ. ಕರ್ಣ ಸಾಯುತ್ತಾನೆಂದು ಗೊತ್ತಿದ್ದೂ ಬೆಳಗಿನ ತನಕ ಕೂತು ಆಟ ನೋಡುವವರು ನಾವು, ನಮಗೇನು ತೊಂದರೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಸಿನಿಮಾದಲ್ಲಿ ಕುದುರೆ, ಅರಮನೆಗಿಂತ ಮೊದಲು ಕಣ್ಣಿಗೆ ಬೀಳುವುದು ಕಾಗದ ಮತ್ತು ಪೆನ್ನು. ಮದುವೆಯಾಗಿ ವರ್ಷಗಳಾದ ಮೇಲೆ ಬ್ಯಾರಿಯ ತಾಯಿ ಮಗನನ್ನು ಕೂರಿಸಿಕೊಂಡು ಹೇಳುತ್ತಾಳೆ: ನಿನ್ನದು ಅಂತ ಒಂದು ಕಾಸಿಲ್ಲ, ಅವಳ ಸಹಿ ಇಲ್ಲದೆ ನೀನು ಯಾವ ವ್ಯವಹಾರವನ್ನೂ ಮಾಡುವ ಹಾಗಿಲ್ಲ, ನಾಳೆ ಅವಳು ಸತ್ತರೆ ಎಲ್ಲವೂ ಅವಳ ದೊಡ್ಡ ಮಗ ಬುಲಿಂಗ್ಡನ್‌ಗೆ, ಆದ್ದರಿಂದ ಹೇಗಾದರೂ ಮಾಡಿ ಒಂದು ಬಿರುದು ಸಂಪಾದಿಸು. ಇಡೀ ಸಿನಿಮಾದಲ್ಲಿ ಬ್ಯಾಲೆನ್ಸ್ ಶೀಟು ಓದಬಲ್ಲವಳು ಆ ಮುದುಕಿ ಒಬ್ಬಳೇ. ಆದರೆ ಅವಳ ಸಲಹೆಯೇ ಅವನನ್ನು ಮುಳುಗಿಸಿತು. ಬಿರುದಿಗಾಗಿ ಔತಣ, ಉಡುಗೊರೆ, ಲಂಚ. ಅಮೆರಿಕದ ಬಂಡುಕೋರರ ಮೇಲೆ ಕಾದಾಡಲು ಒಂದು ತುಕಡಿಯನ್ನೇ ಕಟ್ಟಿಸಿಕೊಟ್ಟ. ಅರಸ ಮೂರನೇ ಜಾರ್ಜ್ ಏನಂದ ಗೊತ್ತಾ? ಇನ್ನೊಂದು ತುಕಡಿ ಕಟ್ಟಿ, ಜೊತೆಗೆ ನೀವೂ ಹೋಗಿ ಅಂದ! ನಾನು ಜೋರಾಗಿ ನಕ್ಕೆ. ಖರ್ಚೆಲ್ಲ ಯಾರ ಖಾತೆಯಿಂದ? ಅವಳ ಖಾತೆಯಿಂದ.

ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಈ ಕಥೆಯನ್ನು 1844ರಲ್ಲಿ ಬರೆದ. ಕಲ್ಕತ್ತದಲ್ಲಿ ಹುಟ್ಟಿದವನು ಅವನು. ಕಾದಂಬರಿಯಲ್ಲಿ ಬ್ಯಾರಿ ತನ್ನ ಕಥೆಯನ್ನು ತಾನೇ ಕೊಚ್ಚಿಕೊಂಡು ಹೇಳುತ್ತಾನೆ, ಸಿನಿಮಾದವನಿಗಿಂತ ತುಂಬಾ ಕೆಟ್ಟವನು. ಅದರ ಹಿಂದೆ ಒಂದು ನಿಜವಾದ ಜೋಡಿ ಇತ್ತು. ಆಂಡ್ರ್ಯೂ ರಾಬಿನ್ಸನ್ ಸ್ಟೋನಿ ಅನ್ನುವ ಐರಿಶ್ ಆಸಾಮಿ, ಮೇರಿ ಎಲೀನರ್ ಬೋವ್ಸ್ ಅನ್ನುವ ಭಾರೀ ಶ್ರೀಮಂತ ವಿಧವೆ. ಎರಡನೇ ಎಲಿಜಬೆತ್ ರಾಣಿಯ ತಾಯಿಯ ವಂಶದ ಹಿರಿಯಳು ಇವಳು. 1777ರ ಜನವರಿಯಲ್ಲಿ ಈ ಸ್ಟೋನಿ ಅವಳ ಮರ್ಯಾದೆ ಕಾಯಲು ಒಬ್ಬ ಪತ್ರಿಕಾ ಸಂಪಾದಕನ ಜೊತೆ ದ್ವಂದ್ವಯುದ್ಧ ಮಾಡಿದ ಹಾಗೆ ನಾಟಕ ಹೂಡಿದ. ಇನ್ನೇನು ಸಾಯುತ್ತೇನೆ, ಕೊನೆಯಾಸೆ ನಡೆಸಿಕೊಡಿ ಅಂತ ನರಳಿದ. ಅವನನ್ನು ಮಂಚದ ಸಮೇತ ಚರ್ಚಿಗೆ ಹೊತ್ತುಕೊಂಡು ಹೋಗಿ ಮದುವೆ ಮಾಡಿಸಿದರು. ಸಾಯುವವನು ಎದ್ದು ಕೂತ. ಸತ್ತದ್ದು 1810ರಲ್ಲಿ!

ಆದರೆ ಎದ್ದು ಕೂತವನಿಗೆ ಒಂದು ಆಘಾತ ಕಾದಿತ್ತು. ಮದುವೆಗೆ ಮೊದಲೇ ಅವಳು ಗುಟ್ಟಾಗಿ ಒಂದು ಪತ್ರ ಮಾಡಿಸಿ, ಆಸ್ತಿ ಗಂಡನ ಕೈಗೆ ಸಿಗದ ಹಾಗೆ ಕಟ್ಟಿಟ್ಟಿದ್ದಳು. ಆಗಿನ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿನದೆಲ್ಲ ಗಂಡನಿಗೆ; ಸಾಮಾನ್ಯರ ಹೆಂಡಿರಿಗೆ ಪೂರ್ತಿ ಹಕ್ಕು ಕೊಟ್ಟ ಕಾಯಿದೆ ಬಂದದ್ದು 1882ರಲ್ಲಿ. ಆ ಕಾಲಕ್ಕೆ ಇವಳು ಅಷ್ಟು ಯೋಚಿಸಿದ್ದಳು ನೋಡು. ಅವನೇನು ಮಾಡಿದ? ಕೆಲವೇ ತಿಂಗಳಲ್ಲಿ ಹೊಡೆದು ಹೆದರಿಸಿ ಆ ಪತ್ರ ರದ್ದು ಅಂತ ಇನ್ನೊಂದು ಪತ್ರಕ್ಕೆ ಸಹಿ ಹಾಕಿಸಿಕೊಂಡ. ಎಂಟು ವರ್ಷ ನರಕ ಉಂಡು 1785ರಲ್ಲಿ ಅವಳು ಮನೆಯಿಂದ ತಪ್ಪಿಸಿಕೊಂಡಳು. ಮರುವರ್ಷ ಅವನು ಅವಳನ್ನು ಹಾಡಹಗಲೇ ಅಪಹರಿಸಿ ಸಿಕ್ಕಿಬಿದ್ದು ಜೈಲಿಗೆ ಹೋದ. ಹೆದರಿಸಿ ಹಾಕಿಸಿಕೊಂಡ ಸಹಿ ಸಹಿಯೇ ಅಲ್ಲ ಅಂತ ಕೊನೆಗೆ ನ್ಯಾಯಾಲಯ ಹೇಳಿತು, 1789ರಲ್ಲಿ ಬಿಡುಗಡೆಯೂ ಆಯಿತು.

ಕಾಗದದ ಮೇಲೆ ಮಸಿ ಒಣಗಿದ ಮೇಲೆ ಎರಡು ಸಹಿಯೂ ಒಂದೇ ಥರ ಕಾಣುತ್ತವೆ. ಸ್ಪೆಸಿಮೆನ್ ಕಾರ್ಡು ಎಡಗೈಲಿ, ಚೆಕ್ಕು ಬಲಗೈಲಿ ಹಿಡಿದು ನಾನು ಪಾಸು ಮಾಡಿದ ಸಾವಿರಾರು ಸಹಿಗಳಲ್ಲಿ ಹೊಂದುತ್ತದೋ ಇಲ್ಲವೋ ಅಂತ ನೋಡಿದ್ದೆ, ಅಷ್ಟೆ.

ನಿನಗೆ ಹೇಳದ ಒಂದು ಸಂಗತಿ ಇದೆ. ನೀನು ಆಗ ಮೂರನೇ ಕ್ಲಾಸು. ನಮ್ಮ ಶಾಖೆಗೆ ಒಬ್ಬ ಬರುತ್ತಿದ್ದ, ಹೆಸರು ಬೇಡ. ಬಾಗಿಲು ದಾಟುವ ಮೊದಲೇ ಅವನ ನಗು ಒಳಗೆ ಬರುತ್ತಿತ್ತು. ಅಟೆಂಡರನ ಮಗಳ ಎಸ್ಸೆಸ್ಸೆಲ್ಸಿ ಅಂಕ ಅವನಿಗೆ ನೆನಪು, ನನಗೆ ಮಂಡಿನೋವು ಅನ್ನುವುದೂ ನೆನಪು. ಒಂದು ದಿನ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳಿಗೆ ತವರಿನಿಂದ ಬಂದ ಎರಡು ಎಕರೆ ಅಡಿಕೆ ತೋಟ, ಅದರ ಮೇಲೆ ಇವನ ವ್ಯಾಪಾರಕ್ಕೆ ಸಾಲ. ಕೊಯ್ಲಿನ ಕಾಲ, ಅವಳ ಬೆರಳಿಗೆಲ್ಲ ಚೊಗರು ಹತ್ತಿತ್ತು. ಪೆನ್ನು ಹಿಡಿದು "ಎಲ್ಲಿ ಹಾಕ್ಬೇಕು?" ಅಂದಳು. ಕೇಳಿದ್ದು ನನ್ನನ್ನಲ್ಲ, ಅವನನ್ನು. ಅವನು ತೋರುಬೆರಳು ಇಟ್ಟ. ಅವಳು ಹಾಕಿದಳು. ಹಾಳೆ ತಿರುಗಿಸಿ ಇನ್ನೊಂದು ಕಡೆ ಇಟ್ಟ. ಹೀಗೆ ಹನ್ನೊಂದು ಕಡೆ. ಆ ಬೆರಳಿನಲ್ಲಿ ಒಂದು ಕೆಂಪು ಹರಳಿನ ಉಂಗುರ ಇತ್ತು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಅಮ್ಮಾ, ಏನಕ್ಕೆ ಅಂತ ಗೊತ್ತಲ್ಲ?" ಎಂದು ಕೇಳಬೇಕಾದವನು ನಾನು. ಊಟದ ಹೊತ್ತಾಗಿತ್ತು. ಕಾಗದಪತ್ರ ಎಲ್ಲ ಕ್ರಮವಾಗಿತ್ತು. ಕೇಳಲಿಲ್ಲ.

ನಾಲ್ಕು ವರ್ಷದ ಮೇಲೆ ಹರಾಜಿನ ನೋಟಿಸು ಹಿಡಿದುಕೊಂಡು ಅವಳೊಬ್ಬಳೇ ಬಂದಳು. ಅಳಲಿಲ್ಲ, ಜಗಳ ಮಾಡಲಿಲ್ಲ. "ಯಾವ ಕಾಗದ ಸಾರ್ ಅದು?" ಅಂತ ಕೇಳಿದಳು. ಫೈಲು ತೆಗೆದು ತೋರಿಸಿದೆ. ಹನ್ನೊಂದೂ ಸಹಿ ನೋಡಿದಳು, ಯಾರದೋ ಕೈಬರಹ ನೋಡುವ ಹಾಗೆ.

ನಾನೇನು ದೊಡ್ಡ ಸಾಚಾ ಅಂದುಕೊಳ್ಳಬೇಡ. ಈ ಮನೆ ಕಟ್ಟುವಾಗ ಸಾಲದ ಫಾರಂ, ಆಮೇಲೆ ನಾಮಿನೇಷನ್ನು, ಎಫ್‌ಡಿ, ಎಲ್ಲಕ್ಕೂ ನಿನ್ನಮ್ಮನ ಮುಂದೆ ಬೆರಳು ಇಟ್ಟವನೇ. ಅವಳು ಒಲೆ ಸಣ್ಣ ಮಾಡಿ ಬಂದು, ಕೈ ಸೆರಗಿಗೆ ಒರೆಸಿಕೊಂಡು, ಹಾಕಿ ಹೋಗುತ್ತಿದ್ದಳು. ಉಂಗುರ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸಿನಿಮಾಕ್ಕೆ ವಾಪಸ್ಸು. ಬ್ಯಾರಿಯನ್ನು ದ್ವೇಷಿಸುತ್ತ ಕೂತಿದ್ದ ನನಗೆ ಎರಡು ಕಡೆ ಗಂಟಲು ಕಟ್ಟಿತು. ಒಂದು, ಕುದುರೆಯಿಂದ ಬಿದ್ದು ಮಲಗಿದ ಮಗ ಬ್ರಯಾನ್‌ಗೆ ಅವನು ಕಥೆ ಹೇಳುವುದು. ಯುದ್ಧದಲ್ಲಿ ಕೋಟೆ ಹತ್ತಿದ ಅದೇ ಹಳೆಯ ಸುಳ್ಳು ಕಥೆ, ಹುಡುಗನಿಗೆ ಇಷ್ಟದ್ದು. ಅರ್ಧಕ್ಕೆ ಮಾತು ನಿಲ್ಲುತ್ತದೆ, ಅಪ್ಪ ಅಳುತ್ತಾನೆ. ಇನ್ನೊಂದು, ಬುಲಿಂಗ್ಡನ್ ಜೊತೆಗಿನ ದ್ವಂದ್ವಯುದ್ಧ. ಹಳೇ ಕೊಟ್ಟಿಗೆಯಂಥ ಜಾಗ, ಮೇಲೆ ಪಾರಿವಾಳಗಳ ಸದ್ದು. ಮಲಮಗನ ಪಿಸ್ತೂಲು ತಪ್ಪಿ ನೆಲಕ್ಕೆ ಹಾರಿತು, ಹೆದರಿ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಈಗ ಬ್ಯಾರಿಯ ಸರದಿ. ಕೊಂದುಬಿಟ್ಟಿದ್ದರೆ ಅವನ ದಾರಿಯ ಮುಳ್ಳು ಹೋಗುತ್ತಿತ್ತು. ಅವನು ಬೇಕೆಂದೇ ನೆಲಕ್ಕೆ ಹೊಡೆದ. ಮೂರು ಗಂಟೆಯಲ್ಲಿ ಅವನು ಲಾಭ ನೋಡದೆ ಮಾಡಿದ ಕೆಲಸ ಅದು. ಹುಡುಗ ಅಷ್ಟಕ್ಕೆ ಬಿಡಲಿಲ್ಲ, ಮತ್ತೆ ಗುರಿಯಿಟ್ಟು ಕಾಲಿಗೆ ಹೊಡೆದ. ಕಾಲು ಕತ್ತರಿಸಬೇಕಾಯಿತು. ವರ್ಷಕ್ಕೆ ಐನೂರು ಗಿನಿ, ಅಂದರೆ ಆಗಿನ ಚಿನ್ನದ ನಾಣ್ಯ, ಕೊಡುತ್ತೇವೆ, ಇಂಗ್ಲೆಂಡಿಗೆ ಕಾಲಿಡಬೇಡ ಅಂತ ಕರಾರು. ಈ ದ್ವಂದ್ವಯುದ್ಧ ಥ್ಯಾಕರೆಯ ಪುಸ್ತಕದಲ್ಲಿ ಇಲ್ಲ, ಕುಬ್ರಿಕ್ ಸೇರಿಸಿದ್ದು. ಸೇರಿಸಿದ್ದು ಒಳ್ಳೆಯದಾಯಿತು.

ಕೊನೆಯ ದೃಶ್ಯಕ್ಕಾದರೂ ನೀನು ಕೂರಬೇಕು. ಮತ್ತೆ ಮೇಜು, ಮತ್ತೆ ಕಾಗದ. ಲೇಡಿ ಲಿಂಡನ್ ಬಿಲ್ಲುಗಳಿಗೆ ಸಹಿ ಹಾಕುತ್ತಿದ್ದಾಳೆ. ಪಕ್ಕದಲ್ಲಿ ಮಗ, ಗುಮಾಸ್ತ, ಪಾದ್ರಿ. ಒಂದು ಕಾಗದ ಮುಂದೆ ಬರುತ್ತದೆ: ರೆಡ್ಮಂಡ್ ಬ್ಯಾರಿಗೆ ಐನೂರು ಗಿನಿ, ತಾರೀಕು 1789ರ ಡಿಸೆಂಬರ್. ಫ್ರೆಂಚ್ ಕ್ರಾಂತಿಯ ವರ್ಷ ಅಂತ ಎಲ್ಲರೂ ಹೇಳುತ್ತಾರೆ, ಸರಿಯಿರಬಹುದು. ನನಗೆ ಹೊಳೆದದ್ದು ಮೇರಿ ಎಲೀನರ್‌ಗೆ ಬಿಡುಗಡೆ ಸಿಕ್ಕ ವರ್ಷ. ಅವಳ ಕೈ ನಿಲ್ಲುತ್ತದೆ. ಕಣ್ಣು ಎಲ್ಲೋ ದೂರಕ್ಕೆ ಹೋಗುತ್ತದೆ. ಮಗ ತಾಯಿಯ ಮುಖವನ್ನೇ ನೋಡುತ್ತಾನೆ. ಆಮೇಲೆ ಸಹಿ ಹಾಕುತ್ತಾಳೆ.

"ಇನ್ನೂ ಪ್ರೀತಿ ಇತ್ತು ಅಂತ ಕಾಣತ್ತೆ, ಅದಕ್ಕೇ ತಡೆದಳು" ಅಂದೆ ನಾನು.

ನಿನ್ನಮ್ಮ ಬತ್ತಿಯ ಡಬ್ಬಿ ಮುಚ್ಚುತ್ತ, "ಪ್ರೀತಿಗೀತಿ ಅಲ್ಲ. ಇದೊಂದನ್ನ ಓದಿ ಹಾಕ್ತಿದಾಳೆ" ಅಂದಳು.

ಎಫ್‌ಡಿ ಒಂದು ಮೆಚ್ಯೂರ್ ಆಗಿದೆ, ರಿನ್ಯೂವಲ್‌ಗೆ ಅವಳ ಸಹಿ ಬೇಕು. ಫಾರಂ ಊಟದ ಮೇಜಿನ ಮೇಲೆ ಇಟ್ಟು ಬಂದು ಇಲ್ಲಿ ಕೂತು ನಿನಗೆ ಬರೆಯುತ್ತಿದ್ದೇನೆ. ಅರ್ಧ ಗಂಟೆಯಾಯಿತು. ಒಳಗೆ ಡ್ರಾಯರ್ ಎಳೆದು ಮುಚ್ಚುವ ಸದ್ದು ಕೇಳಿಸುತ್ತಿದೆ. ಕನ್ನಡಕ ಹುಡುಕುತ್ತಿದ್ದಾಳೆ.

ನಿನ್ನ
ಅಪ್ಪ