ಇಬ್ಬರಿಗೆ ಇಪ್ಪತ್ತು ಎಲೆ

ವಿಯೆನ್ನಾ

ಪ್ರೀತಿಯ ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ನಾನು ಕ್ಷೇಮ. ಆಚೆಮನೆ ಮಾವ ಮಗನ ಜೊತೆ ಬೆಂಗಳೂರಿಗೆ ಹೋದ ಮೇಲೆ ನಾಲ್ಕು ಜನ ಕೂಡುವುದೇ ಇಲ್ಲ, ಇಪ್ಪತ್ತೆಂಟು ಆಟ ನಿಂತೇಹೋಯಿತು ಅಂತ ಅಪ್ಪ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಕಾಗದವಾದರೆ ಪಕ್ಕದಲ್ಲಿ ಇಟ್ಟುಕೊಂಡೇ ಆಡಬಹುದು.

ಇಲ್ಲಿ ಶ್ನಾಪ್ಸೆನ್ ಅಂತ ಒಂದು ಕಾರ್ಡಿನ ಆಟ ಇದೆ. ಇಬ್ಬರಿದ್ದರೆ ಸಾಕು. ನನಗೆ ಕಲಿಸಿದ್ದು ಕೆಳಗಿನ ಮನೆಯ ಅಜ್ಜ ಅಜ್ಜಿ. ಅಜ್ಜ ಟ್ರಾಮ್ ಓಡಿಸಿ ನಿವೃತ್ತರಾದವರು. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಅದೇ ಮೇಜಿನ ಮೇಲೆ ಎಲೆ ಬೀಳಲೇಬೇಕು. ಅವರ ಎಲೆಗಳಲ್ಲಿ ಇಸ್ಪೀಟು, ಕಳಾವರ್ ಇಲ್ಲ. ಓಕ್ ಮರದ ಕಾಯಿ, ಗಂಟೆ, ಹೃದಯ, ಹಸಿರೆಲೆ ಇವೆ. ಚಿತ್ರಗಳಲ್ಲಿ ಹಲವು ವಿಲಿಯಂ ಟೆಲ್ ಕಥೆಯವು, ಮಗನ ತಲೆಯ ಮೇಲಿನ ಸೇಬಿಗೆ ಬಾಣ ಬಿಟ್ಟನಲ್ಲ, ಅವನದು. ಕಥೆಯಲ್ಲಿ ಅವನು ಎದುರು ನಿಂತದ್ದು ಹ್ಯಾಬ್ಸ್‌ಬರ್ಗ್ ದೊರೆಗಳ ಅಧಿಕಾರಿಗೇ. ಆ ದೊರೆಗಳ ರಾಜಧಾನಿಯಾಗಿದ್ದ ಊರಿನಲ್ಲಿ ಈಗ ಅವನನ್ನೇ ಕೈಯಲ್ಲಿ ಹಿಡಿದು ಆಡುತ್ತಾರೆ ಅನ್ನುವುದು ನನಗೆ ತುಂಬ ಇಷ್ಟವಾಯಿತು. ಇಲ್ಲಿಯ ಪಿಯಾಟ್ನಿಕ್ ಕಂಪನಿ 1824ರಿಂದ ಎಲೆ ಅಚ್ಚು ಹಾಕುತ್ತಿದೆ. ಒಂದು ಕಟ್ಟು ಕಳಿಸುತ್ತೇನೆ. ಅಲ್ಲಿಯವರೆಗೆ ಕಪಾಟಿನಲ್ಲಿರುವ ನಮ್ಮ ಹಳೇ ಕಟ್ಟೇ ಸಾಕು. ಎರಡರಿಂದ ಒಂಬತ್ತರವರೆಗಿನ ಎಲೆಗಳನ್ನೆಲ್ಲ ತೆಗೆದಿಡಿ. ಉಳಿಯುವುದು 20.

ಬೆಲೆ ಹೀಗೆ: ಎಕ್ಕಕ್ಕೆ 11, ಹತ್ತಕ್ಕೆ 10, ರಾಜನಿಗೆ 4, ರಾಣಿಗೆ 3, ಗುಲಾಮನಿಗೆ 2. ಅಪ್ಪ, ಇಪ್ಪತ್ತೆಂಟರಲ್ಲಿ ಗುಲಾಮನೇ ದೊಡ್ಡವನು, ಇಲ್ಲಿ ಅವನೇ ಕೊನೆಯವನು. ಇದೊಂದು ಕೈಗೆ ಹತ್ತಲು ಸ್ವಲ್ಪ ಹೊತ್ತು ಬೇಕು. ಗೆದ್ದ ಎಲೆಗಳ ಬೆಲೆ ಕೂಡಿಸಿ ಮೊದಲು 66 ಮಾಡಿದವರು ಗೆದ್ದಂತೆ. ಮೂರು ಮೂರು ಎಲೆ ಹಂಚಿ, ಒಂದನ್ನು ತೆರೆದಿಡಿ, ಅದರ ಜಾತಿಯೇ ತುರುಫು, ಅಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯುವ ಜಾತಿ. ಮತ್ತೆ ಎರಡೆರಡು ಹಂಚಿ, ಉಳಿದ ಒಂಬತ್ತನ್ನು ತುರುಫಿನ ಮೇಲೆ ಅಡ್ಡಡ್ಡ ಮುಚ್ಚಿಡಿ. ಇಬ್ಬರೂ ಒಂದೊಂದು ಎಲೆ ಹಾಕಿದರೆ ಒಂದು ಸುತ್ತು. ಅದನ್ನು ಗೆದ್ದವರು ಮೊದಲು ರಾಶಿಯಿಂದ ಒಂದು ಎಲೆ ಎತ್ತಿಕೊಳ್ಳಬೇಕು, ಆಮೇಲೆ ಸೋತವರು. ಮುಂದಿನ ಸುತ್ತು ಗೆದ್ದವರಿಂದ ಶುರು. ರಾಶಿ ಇರುವವರೆಗೆ ಯಾವ ಜಾತಿಯ ಎಲೆ ಬೇಕಾದರೂ ಹಾಕಬಹುದು. ರಾಶಿ ಮುಗಿಯಿತೋ, ಅದೇ ಜಾತಿಯದ್ದನ್ನೇ ಹಾಕಬೇಕು, ಸಾಧ್ಯವಿದ್ದರೆ ದೊಡ್ಡದನ್ನೇ. ಆ ಜಾತಿ ಇಲ್ಲದಿದ್ದರೆ ತುರುಫು. ಯಾರೂ 66 ಮುಟ್ಟದಿದ್ದರೆ ಕೊನೆಯ ಸುತ್ತು ಗೆದ್ದವರದೇ ಆಟ.

ತುರುಫಿನ ಗುಲಾಮ ಕೈಯಲ್ಲಿದ್ದರೆ, ಸುತ್ತು ಶುರು ಮಾಡುವ ಸರದಿ ನಿಮ್ಮದಾದಾಗ ಅವನನ್ನು ಕೊಟ್ಟು ಕೆಳಗಿನ ತುರುಫನ್ನು ಎತ್ತಿಕೊಳ್ಳಬಹುದು. ಒಂದೇ ಜಾತಿಯ ರಾಜ ರಾಣಿ ಜೋಡಿ ಸಿಕ್ಕಿದರೆ ತೋರಿಸಿ ಅವರಲ್ಲೊಬ್ಬರನ್ನು ಇಳಿಸಿ: 20 ಅಂಕ, ತುರುಫಿನ ಜೋಡಿಗೆ 40. ಇನ್ನು ಧೈರ್ಯ ಇದ್ದವರು ರಾಶಿಯನ್ನೇ ಮುಚ್ಚಿಬಿಡಬಹುದು: ತುರುಫನ್ನು ಮಗುಚಿ ಮೇಲಿಟ್ಟರೆ ಆಮೇಲೆ ಯಾರೂ ಎಲೆ ಎತ್ತುವಂತಿಲ್ಲ, ಕಟ್ಟುನಿಟ್ಟಿನ ನಿಯಮ ಆಗಲೇ ಜಾರಿ. ಮುಚ್ಚಿದವರು 66 ಮುಟ್ಟದಿದ್ದರೆ ಒಟ್ಟು ಲೆಕ್ಕದಲ್ಲಿ ಎದುರಿನವರಿಗೆ ಕನಿಷ್ಠ ಎರಡು ಅಂಕ ಹೋಗುತ್ತದೆ.

ಅಮ್ಮ, ಈಗ ಹೇಳುವುದು ನಿನಗೆ. ಈ ಆಟದ ಜೀವ ನೆನಪಿನಲ್ಲಿದೆ. ಗೆದ್ದ ಎಲೆಗಳನ್ನು ಮತ್ತೆ ತೆರೆದು ನೋಡುವಂತಿಲ್ಲ, ಅಂಕವನ್ನು ಕಾಗದದಲ್ಲಿ ಬರೆಯುವಂತಿಲ್ಲ, ಎಲ್ಲ ಮನಸ್ಸಿನಲ್ಲೇ. ರಾಶಿ ಮುಗಿಯುವ ಹೊತ್ತಿಗೆ ಹತ್ತು ಎಲೆ ಬಿದ್ದಿರುತ್ತವೆ, ಐದು ನಿನ್ನ ಕೈಯಲ್ಲಿರುತ್ತವೆ. ಬಿದ್ದದ್ದೆಲ್ಲ ನೆನಪಿದ್ದರೆ ಅಪ್ಪನ ಕೈಯ ಐದೂ ನಿನಗೆ ಗೊತ್ತು. ಆಮೇಲೆ ಅದೃಷ್ಟದ ಮಾತೇ ಇಲ್ಲ, ಲೆಕ್ಕ ಅಷ್ಟೇ. ಜಗಲಿಯಲ್ಲಿ ನಾಲ್ವರು ಗಂಡಸರು ಕೂಗಾಡುತ್ತಿದ್ದಾಗ ನೀನು ಕಾಫಿ ಲೋಟ ಹಿಡಿದು ಬಂದವಳು ಒಂದು ಸಲ ಬಿದ್ದ ಎಲೆ ನೋಡಿ, ಒಂಬತ್ತು ಇನ್ನೂ ಯಾರ ಹತ್ತಿರ ಇದೆ ಅಂತ ಒಳಗೆ ಬಂದು ನನಗೆ ಹೇಳುತ್ತಿದ್ದೆ. ಯಾವಾಗಲೂ ಸರಿಯಾಗಿರುತ್ತಿತ್ತು. ನಿನ್ನನ್ನು ಆಟಕ್ಕೆ ಯಾರೂ ಕರೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕೆಳಗಿನ ಮನೆಯ ಅಜ್ಜಿ ಕಣ್ಣು ಅರೆಮುಚ್ಚಿ ಲೆಕ್ಕ ಹಾಕುವಾಗಲೆಲ್ಲ ನನಗೆ ಕಾಣುವುದು ನಿನ್ನ ಮುಖ. ನೀನು ಆಡಬೇಕಮ್ಮ. ಬೇಡ ಅನ್ನಬೇಡ.

ಒಟ್ಟು ಲೆಕ್ಕ ಸುಲಭ. ಇಬ್ಬರೂ 7ರಿಂದ ಶುರು ಮಾಡಿ ಕಳೆಯುತ್ತಾ ಬರಬೇಕು. ಗೆದ್ದರೆ ಒಂದು, ಸೋತವರಿಗೆ 33 ಕೂಡ ಆಗಿರದಿದ್ದರೆ ಎರಡು, ಒಂದು ಸುತ್ತೂ ಸಿಕ್ಕಿರದಿದ್ದರೆ ಮೂರು. ಮೊದಲು ಸೊನ್ನೆಗೆ ಬಂದವರು ಗೆದ್ದರು, ಸೋತವರ ಹೆಸರಿನ ಕೆಳಗೆ ಒಂದು ದಪ್ಪ ಚುಕ್ಕೆ. ಅದನ್ನು ಇಲ್ಲಿ ಬುಮ್ಮರ್ಲ್ ಅನ್ನುತ್ತಾರೆ.

ಅಪ್ಪ, ಮೊದಲ ದಿನ ಎಲೆ ನೀವೇ ಹಂಚಿ. ಹಂಚದವರೇ ಮೊದಲು ಇಳಿಯುವುದು ನಿಯಮ, ಹಾಗಾಗಿ ಮೊದಲ ಎಲೆ ಅಮ್ಮನದು. ಕಾಫಿಯನ್ನೂ ಅವತ್ತು ನೀವೇ ಮಾಡಿ. ಬುಮ್ಮರ್ಲ್ ಯಾರ ಹೆಸರಿಗೆ ಬಿತ್ತು ಅಂತ ಭಾನುವಾರ ಫೋನ್ ಮಾಡಿದಾಗ ಕೇಳುತ್ತೇನೆ.

ನಿಮ್ಮ ಪ್ರೀತಿಯ ಮಗಳು