ಟಿ.ವಿ. ಮೊದಲು ಬಂದದ್ದು ನಮ್ಮೂರಿಗೆ, ನಿಮ್ಮೂರಿಗಲ್ಲ

ಪ್ರಿಯ ಮಂಜುನಾಥ,

ನಿನ್ನ ಪತ್ರ ತಲುಪಿತು. ಜೆ.ಸಿ. ನಗರದ ದೂರದರ್ಶನ ಕೇಂದ್ರದ ಮುಂದೆ ಹೋಗುವಾಗಲೆಲ್ಲ ‘ಕರ್ನಾಟಕಕ್ಕೆ ಟಿ.ವಿ. ಬಂದದ್ದು ಇಲ್ಲಿಂದಲೇ’ ಎಂದು ಮೊಮ್ಮಕ್ಕಳಿಗೆ ಹೇಳುತ್ತೀಯಂತೆ. ಬೇರೆ ಯಾರಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ಹೇಳಿದವನು ನೀನು, ಅದಕ್ಕೇ ಜಗಳ. ಬೆಂಗಳೂರು ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಕಲಬುರಗಿ ಜಿಲ್ಲೆಯ ನಮ್ಮ ಹಳ್ಳಿ ಶಾಲೆಯ ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತು ಟಿ.ವಿ. ನೋಡಿದವನು ನಾನು.

ಉಪಗ್ರಹದಿಂದ ನೇರ ಹಳ್ಳಿಗಳಿಗೆ ಟಿ.ವಿ. ತಲುಪಿಸಲು 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಪ್ರಯೋಗ ಅದು. ‘ಸೈಟ್’ ಎಂದು ಹೆಸರು. ನಾಸಾದವರು ಎಟಿಎಸ್-6 ಎಂಬ ತಮ್ಮ ಉಪಗ್ರಹವನ್ನು ಎರವಲು ಕೊಟ್ಟಿದ್ದರು, ನೆಲದ ಮೇಲಿನ ಕೆಲಸವೆಲ್ಲ ನಮ್ಮ ಇಸ್ರೋದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳು. ಹಿಂದುಳಿದ ಸೀಮೆ ಎಂಬ ಹಣೆಪಟ್ಟಿಯಿಂದ ನಮಗೆ ಆದ ಲಾಭ ಬಹುಶಃ ಇದೊಂದೇ.

ಶಾಲೆಯ ಪಕ್ಕದ ಬಯಲಿನಲ್ಲಿ ಮೂರು ಮೀಟರ್ ಅಗಲದ, ಛತ್ರಿಯಾಕಾರದ ಆಂಟೆನಾವೊಂದನ್ನು ನೆಟ್ಟರು. ಕೋಳಿಗೂಡಿಗೆ ಹೊಡೆಯುತ್ತಾರಲ್ಲ, ಅದೇ ತಂತಿ ಬಲೆಯಿಂದ ಮಾಡಿದ್ದು. ಆಕಾಶದಲ್ಲಿದ್ದ ಉಪಗ್ರಹವೇ ಒಂಬತ್ತು ಮೀಟರಿನ ದೊಡ್ಡ ಆಂಟೆನಾ ಬಿಚ್ಚಿಕೊಂಡು ಜೋರಾಗಿ ಸಂಕೇತ ಕಳಿಸುತ್ತಿದ್ದುದರಿಂದ ನೆಲದ ಮೇಲೆ ಕೋಳಿ ಬಲೆಯೇ ಸಾಕಾಗಿತ್ತು. ಉಪಗ್ರಹ ನಿಂತಿದ್ದದ್ದು ಆಫ್ರಿಕಾದ ನೆತ್ತಿಯ ಮೇಲೆ. ಹಾಗಾಗಿ ನಮ್ಮ ಛತ್ರಿ ಪಡುವಣಕ್ಕೆ ಮುಖ ಮಾಡಿ ಕೂತಿತ್ತು. ಊರ ಎಮ್ಮೆಗಳಿಗೆ ಅದರ ಕಬ್ಬಿಣದ ಕಾಲು ಬಹಳ ಹಿಡಿಸಿತು. ಒಂದು ಎಮ್ಮೆ ಬಂದು ಬೆನ್ನು ತಿಕ್ಕಿತೆಂದರೆ ಒಳಗೆ ಚಿತ್ರ ಮಾಯ! ಕೋಲು ಹಿಡಿದು ಛತ್ರಿ ಕಾಯುವುದು ನಮ್ಮ ಹುಡುಗರ ಸರದಿಯ ಕೆಲಸ. ಇಂಥದೇ ಒಂದು ಛತ್ರಿಯನ್ನು ಇಸ್ರೋದವರು ಕೊಲಂಬೊದಲ್ಲಿ ವಿಜ್ಞಾನ ಕಥೆಗಾರ ಆರ್ಥರ್ ಕ್ಲಾರ್ಕ್ ಅವರ ಮನೆಯಲ್ಲೂ ಹಾಕಿಕೊಟ್ಟಿದ್ದರು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಅವರಿಗೆ ಎಮ್ಮೆಯ ಕಾಟ ಇರಲಿಕ್ಕಿಲ್ಲ.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು, ಕುಣಿತ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನವುಗಳ ಜೊತೆಗೇ. ಒಂದು ಸಂಜೆ ಬೇಸಾಯದ ಪಾಠ ನಡೆದಿತ್ತು. ನಮ್ಮ ಮುತ್ಯಾ ಮುಂದಿನ ಸಾಲಿನಲ್ಲಿ ಕೂತು, ಬೀಡಿ ಆರಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ‘ಆ ನೆಲ ನಮ್ಮದಲ್ಲ’ ಎಂದರು. ಕಪ್ಪು ಬಿಳುಪಿನ ಚಿತ್ರದಲ್ಲಿ ಅದು ಹೇಗೆ ತಿಳಿಯಿತು ಎಂದು ಕೇಳಿದೆ. ‘ಎರೆ ಭೂಮಿಯಲ್ಲಿ ನಡೆಯುವವನು ಹೀಗೆ ಕಾಲೆತ್ತಿ ಇಡುವುದಿಲ್ಲ. ಅಂಟು ಮಣ್ಣು ಬಿಡುವುದೇ ಇಲ್ಲ’ ಎಂದರು. ಮಾತನಾಡುವವರ ಕನ್ನಡದ ಮೇಲೂ ಅವರದೊಂದು ತಕರಾರು ಇತ್ತು: ‘ಮದುವೆಯ ಕರೆಯೋಲೆ ಓದಿದ ಹಾಗೆ ಮಾತನಾಡುತ್ತಾರೆ.’ ಅಷ್ಟೆಲ್ಲ ಹೇಳಿಯೂ ಮರುದಿನ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವರು ಅವರೇ.

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ಉಪಗ್ರಹವನ್ನು ಅಮೆರಿಕದ ಕಡೆಗೆ ಸರಿಸಿಕೊಂಡರು. ಮರುದಿನ ಸಂಜೆ ಮಾಸ್ತರರು ರೂಢಿಯಂತೆ ಗುಂಡಿ ತಿರುಗಿಸಿದರು. ತೆರೆಯ ತುಂಬ ಬರೀ ಚುಕ್ಕಿಗಳ ಮಳೆ. ಜನ ಅರ್ಧ ಗಂಟೆ ಕೂತೇ ಇದ್ದರು.

1977ರಲ್ಲಿ ಕಲಬುರಗಿಗೇ ಒಂದು ಪ್ರಸಾರ ಗೋಪುರ ಬಂತು. ಗೋಪುರದ ಕೈ ಎಷ್ಟು ದೂರ ಚಾಚೀತು? ಉಪಗ್ರಹಕ್ಕೆ ಊರೂರು ಸಮ, ಗೋಪುರಕ್ಕೆ ಹತ್ತಿರದವರಷ್ಟೇ ನೆಂಟರು. ನಮ್ಮ ಹಳ್ಳಿ ಅದರ ಅಂಚಿನ ಆಚೆಗೆ ಬಿತ್ತು. ಒಂದು ವರ್ಷ ಟಿ.ವಿ. ನೋಡಿದ ಊರು ಆಮೇಲೆ ಎಂಟೊಂಬತ್ತು ವರ್ಷ ಟಿ.ವಿ. ಇಲ್ಲದೆ ಇತ್ತು ಎಂದರೆ ನಿನ್ನ ಮೊಮ್ಮಕ್ಕಳು ನಂಬಲಾರರು. ಅದೂ ಸೇರಿಸಿ ಹೇಳು.

ನಿಮ್ಮ ಕೇಂದ್ರದ ಮೇಲೆ ನನಗೆ ಸಿಟ್ಟೇನೂ ಇಲ್ಲ. ಸಿನಿಮಾ ಹಾಡುಗಳ ‘ಚಿತ್ರಮಂಜರಿ’ಗೆ ಕಾದವನು ನಾನೂ ಹೌದು. ‘ಸಿಹಿಕಹಿ’ ಎಂಬ ಧಾರಾವಾಹಿಯ ಹೆಸರು ನಟ ಚಂದ್ರು ಅವರಿಗೆ ಕಾಯಂ ಆಗಿ ಅಂಟಿಕೊಂಡದ್ದೂ ಅಲ್ಲಿಂದಲೇ. 1994ರಲ್ಲಿ ಉದಯ ಬಂದ ಮೇಲೆ ನನ್ನ ಮನೆಯವರೆಲ್ಲ ಅತ್ತ ವಾಲಿದರು. ನಾನು ಇಂದಿಗೂ ಚಂದನದ ‘ಥಟ್ ಅಂತ ಹೇಳಿ’ಗೆ ನಿಷ್ಠ. ಪುಸ್ತಕ ಬಹುಮಾನ ಕೊಡುವ ಟಿ.ವಿ. ಕಾರ್ಯಕ್ರಮ ಬೇರೆ ಎಲ್ಲಿದೆ?

ಆ ಛತ್ರಿ ಏನಾಯಿತು ಎಂದು ಕೇಳುತ್ತೀಯ, ಗೊತ್ತು. ಎರಡು ಮಳೆಗಾಲ ಹಾಗೇ ನಿಂತಿತ್ತು. ಮೂರನೆಯ ವರ್ಷ ಮಾಸ್ತರರ ಮನೆಯವರು ಅದರ ಬುಡಕ್ಕೆ ಹೀರೆ ಬೀಜ ಊರಿದರು. ಬಳ್ಳಿ ಬಲೆಯ ತುಂಬ ಹಬ್ಬಿತು. ಆ ವರ್ಷ ಓಣಿಯ ಎಲ್ಲರ ಮನೆಯಲ್ಲೂ ಹೀರೆಕಾಯಿ ಪಲ್ಯ.

ನಿನ್ನವ,
ಶರಣಪ್ಪ